ತಿಕ್ಕಿದ ಕೈ

ಮದಲೂರಿನ ದೊಡ್ಡಕ್ಕನ ಕೈಗೆ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಹೊಟ್ಟೆನೋವು ಅಂತ ಬಂದವರನ್ನು ಅಂಗಾತ ಮಲಗಿಸಿ, ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ನೋಡುತ್ತಿದ್ದಳು. ಒಂದು ಬೆರಳು ಕೂದಲೆಳೆಯಷ್ಟು ಹಿಂದೆ ಮುಂದೆ ಇದ್ದರೂ ಸಾಕು, “ಬಟ್ಟಿ ಜಾರೈತೆ” ಅನ್ನುತ್ತಿದ್ದಳು, ಅಂದರೆ ಹೊಕ್ಕುಳ ಹಿಂದಿನ ನರದ ಗಂಟು ಜಾಗ ಬಿಟ್ಟಿದೆ ಅಂತ. ಹೊಕ್ಕುಳ ಸುತ್ತ ಹರಳೆಣ್ಣೆ ಸವರಿ, ಜಾರಿದ ಬಟ್ಟಿ ಜಾಗಕ್ಕೆ ಬಂತು ಅಂತ ಅವಳಿಗೆ ಅನ್ನಿಸುವ ತನಕ ತಿಕ್ಕುತ್ತಿದ್ದಳು. ಕೊರಟಗೆರೆ, ಮಧುಗಿರಿ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಅರ್ಧಕ್ಕರ್ಧ ಜನರ ಹೊಟ್ಟೆನೋವು ತಾನಾಗಿಯೇ ಹೋಗುವಂಥದ್ದು, ಆ ಪುಣ್ಯವೆಲ್ಲ ದೊಡ್ಡಕ್ಕನ ಪಾಲಿಗೆ. ಹೋಗದ ನೋವಿನವರು ಮುಂದೆ ಏನಾದರು ಅಂತ ಕೇಳಿದವರು ಯಾರೂ ಇಲ್ಲ. ಹೆಸರು ಬರುವುದೇ ಹೀಗೆ.

ಅವಳ ಮೊಮ್ಮಗಳು ಗಂಗಾಂಬಿಕಾ ಸಿರಾದಲ್ಲಿ ಬಿ.ಎ. ಓದುತ್ತಿದ್ದಳು. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ಏಪ್ರಿಲ್ ತಿಂಗಳ ಒಂದು ಭಾನುವಾರ ಮಧುಗಿರಿಯಲ್ಲಿ ಪಂದ್ಯ ಮುಗಿಸಿಕೊಂಡು ಸಂಜೆ ಬಸ್ಸಿಳಿದು ಬಂದಾಗ ಅವಳ ಬೆನ್ನು ಬಾಗಿತ್ತು. ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿ ನೋಡಿದಳು.

“ಏನೇ, ಮುದುಕಿ ನಾನಾ ನೀನಾ? ಯಾಕಂಗೆ ಬಗ್ಗಿಕೊಂಡ್ ಬತ್ತಿದೀಯ?”

“ಒಳಗ್ ಬಾ ಅಜ್ಜಿ, ಹೇಳ್ತೀನಿ.”

ಒಳಗೆ ಹೋಗಿ ಅಂಗಿ ಎತ್ತಿ ತೋರಿಸಿದಳು. ಚೆಂಡಿಗೆ ಅಡ್ಡ ಬಿದ್ದಾಗ ಎದುರು ತಂಡದವಳ ಮೊಣಕಾಲು ಎಡಪಕ್ಕೆಯ ಕೆಳಗೆ ನೇರವಾಗಿ ಬಡಿದಿತ್ತು. ಸ್ವಲ್ಪ ಹೊತ್ತು ಉಸಿರೇ ತಿರುಗಿರಲಿಲ್ಲ. ಆದರೂ ಎದ್ದು ಆಟ ಮುಗಿಸಿದ್ದಳು, ಒಂದು ಗೋಲೂ ಬಿಟ್ಟಿರಲಿಲ್ಲ.

“ನಮ್ ಸರ್ ಆಸ್ಪತ್ರೆಗೆ ಹೋಗಾನ ಅಂದ್ರು. ನಾನೇ ಬ್ಯಾಡ ಅಂದೆ. ಮುಂದಿನ್ ವಾರ ಜಿಲ್ಲಾ ಟೀಮಿಗೆ ಸೆಲೆಕ್ಷನ್ ಐತಜ್ಜಿ. ಅಮ್ಮಂಗೆ ಗೊತ್ತಾದ್ರೆ ಬೂಟ್ನೇ ಒಲೆಗ್ ಹಾಕ್ತಾಳೆ. ಹೇಳ್ಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ.”

“ನಿಮ್ಮಮ್ಮಂಗೆ ಯಾಕ್ ಹೇಳಾನ? ನನ್ ಕೈಯೇನ್ ಸತ್ತೋಗೈತಾ? ಮನಿಕ್ಕ.”

ಹೆಬ್ಬೆರಳು ಜೋಡಿಸಿ ನೋಡಿದಳು. ಎಡಗಾಲಿನದು ಹಿಂದೆ ಇದ್ದಂತೆ ಕಂಡಿತು. ಎಣ್ಣೆ ಬಂತು, ಕೈ ಓಡಿತು. ಹುಡುಗಿ ಅಜ್ಜಿಯ ಸೆರಗಿನ ತುದಿ ಕಚ್ಚಿಕೊಂಡು ತಡೆದಳು. ನೋವಾದಷ್ಟೂ ಬಟ್ಟಿ ಏರುತ್ತಿದೆ ಅಂತ ಅಜ್ಜಿಗೆ ನಂಬಿಕೆ.

ಗಂಗಾಂಬಿಕಾಳ ತಾಯಿ ವನಜಾಕ್ಷಿ ಸಿರಾದ ಕಡ್ಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸ ಮಾಡುತ್ತಿದ್ದಳು. ದೊಡ್ಡಕ್ಕನಿಗೆ ಸೊಸೆ ಅನ್ನುವುದಕ್ಕಿಂತ ಮೊದಲು ತಮ್ಮನ ಮಗಳು. ಇಬ್ಬರೂ ಪಾವಗಡದಾಚೆ ನಾಗಲಮಡಿಕೆಯಲ್ಲಿ ಹುಟ್ಟಿದವರು, ಇಬ್ಬರಿಗೂ ತವರಿನ ಮಾತು ತೆಲುಗು. ಮನೆಯಲ್ಲಿ ಎಲ್ಲರ ಜೊತೆ ಕನ್ನಡ, ಅತ್ತೆ ಸೊಸೆ ಇಬ್ಬರೇ ಇದ್ದರೆ ತೆಲುಗು. ಸೊಪ್ಪು ಬಿಡಿಸುವಾಗ, ರಾಗಿ ಕೇರುವಾಗ, ಪರರ ಮನೆಯ ಸುದ್ದಿ ಮಾತಾಡುವಾಗ ಅದು ಅವರಿಬ್ಬರದೇ ಸ್ವತ್ತು. ವನಜಾಕ್ಷಿಯ ಗಂಡ, ಕಂಡಕ್ಟರ್ ಕೆಲಸದ ನರಸಿಂಹರಾಜು ಪಾವಗಡದ ರೂಟಿನಲ್ಲೇ ಓಡಾಡಿ ತೆಲುಗು ಕಲಿತಿದ್ದರೂ ತಾಯಿ ಹೆಂಡತಿಯ ಮಾತಿನ ನಡುವೆ ಬಾಯಿ ಹಾಕುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಗಂಗಾಂಬಿಕಾ ಮುದ್ದೆ ಮುರಿದು ಹಾಗೇ ಕೂತಳು.

“ಯಾಕೆ, ಉಣ್ಣಲ್ವಾ?” ವನಜಾಕ್ಷಿ ಕೇಳಿದಳು.

“ಹೊಟ್ಟೆ ಯಾಕೋ ಸರಿಯಿಲ್ಲಮ್ಮ. ಹೀಟ್ ಆಗೈತೆ.”

“ಆಗ್ದೆ ಇನ್ನೇನಾಗ್ತದೆ? ಈ ಬಿಸಿಲಾಗೆ ಕತ್ತೆಗಳೂ ನೆರಳು ನೋಡ್ಕಂಡ್ ನಿಂತಿರ್ತವೆ. ನೀನು ಚಡ್ಡಿ ಹಾಕ್ಕೊಂಡು ಬಯಲಾಗೆ ಬೀಳು.” ಬೈದಳು, ಬೈಯುತ್ತಲೇ ಮಜ್ಜಿಗೆಗೆ ನೀರು ಬೆರೆಸಿ ಉಪ್ಪು ಹಾಕಿ ಕೊಟ್ಟಳು. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲ ಕಾಯಿಲೆಗೂ ಅದೊಂದೇ ಹೆಸರು, ಅದೊಂದೇ ಔಷಧಿ.

ಮರುದಿನ ಎಡಭುಜವೂ ನೋಯತೊಡಗಿತು. ಬಿದ್ದಾಗ ಉಳುಕಿದೆ ಅಂತ ದೊಡ್ಡಕ್ಕ ಭುಜವನ್ನೂ ತಿಕ್ಕಿದಳು. ಬಟ್ಟಿ ಇನ್ನೂ ಪೂರ್ತಿ ಏರಿಲ್ಲ ಅಂತ ಹೊಟ್ಟೆಯನ್ನೂ, ಈ ಸಲ ಇನ್ನಷ್ಟು ಒತ್ತಿ. ಅದರ ಮಾರನೆಯ ದಿನ ವನಜಾಕ್ಷಿ ಮಿಲ್ಲಿಗೆ ಹೊರಟು ಬಾಗಿಲ ತನಕ ಹೋಗಿದ್ದಳು. ಹಿತ್ತಲಲ್ಲಿ ನೀರಿನ ಡ್ರಮ್ಮು ಉರುಳಿದ ಸದ್ದಾಯಿತು. ಓಡಿ ಬಂದು ನೋಡಿದರೆ ಮಗಳು ನೆಲದ ಮೇಲಿದ್ದಳು. ಮುಖ ಬೂದಿಯಾಗಿತ್ತು, ಮೈಯೆಲ್ಲ ತಣ್ಣನೆ ಬೆವರು.

ಆಂಬುಲೆನ್ಸ್ ಬಂತು. ಸಿರಾದಲ್ಲಿ ಸ್ಕ್ಯಾನ್ ಮಾಡಿದವರು ಡ್ರಿಪ್ ಹಾಕಿ, ರಕ್ತ ಕೊಟ್ಟು, ಅದೇ ಗಾಡಿಯಲ್ಲಿ ತುಮಕೂರಿಗೆ ಕಳಿಸಿದರು. ಬಿಸಿಲಿಗೆ ಗಾಡಿಯ ತಗಡು ಸುಡುತ್ತಿತ್ತು. ವನಜಾಕ್ಷಿ ದಾರಿಯುದ್ದಕ್ಕೂ ಮಗಳ ತಣ್ಣನೆಯ ಪಾದ ಉಜ್ಜುತ್ತ ಕೂತಿದ್ದಳು. ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು.

“ಎಡಪಕ್ಕೆ ಕೆಳಗೆ ಗುಲ್ಮ ಅಂತ ಇರುತ್ತಮ್ಮ, ಮುಷ್ಟಿಗಾತ್ರ, ಒಳಗೆಲ್ಲ ರಕ್ತ. ಪೆಟ್ಟು ಬಿದ್ದು ಅದು ಬಿರಿದಿತ್ತು. ಆಮೇಲೆ ಪೂರ್ತಿ ಒಡೆದಿದೆ. ತೆಗೆದುಹಾಕಿದ್ದೀವಿ. ಜೀವಕ್ಕೇನೂ ಭಯವಿಲ್ಲ ಈಗ.” ಆಮೇಲೆ ಕೇಳಿದರು: “ಹೊಟ್ಟೆ ಮೇಲೆಲ್ಲ ಎಣ್ಣೆ ಇತ್ತು. ಯಾರಾದರೂ ತಿಕ್ಕಿದ್ರಾ?”

ವನಜಾಕ್ಷಿ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು. ನರಸಿಂಹರಾಜು ಕಂಡಕ್ಟರ್ ಬ್ಯಾಗು ಹೆಗಲಲ್ಲಿ ಹಾಗೇ ನೇತುಬಿಟ್ಟುಕೊಂಡು ಡ್ಯೂಟಿಯಿಂದ ಓಡಿ ಬಂದಿದ್ದ. ಅವನು ನೆಲ ನೋಡಿದ.

“ಹಾಗೆ ತಿಕ್ಕಬಾರದಿತ್ತು,” ಅಂದರು ಡಾಕ್ಟರು. “ಅವತ್ತೇ ಕರ್ಕೊಂಡು ಬಂದು ಅಲ್ಲಾಡದಂತೆ ಮಲಗಿಸಿದ್ದಿದ್ರೆ ಉಳಿಸಿಕೊಳ್ಳೋಕೆ ನೋಡಬಹುದಿತ್ತು. ಇನ್ನು ಮೇಲೆ ಒಂದು ಮಾತು ನೆನಪಿರಲಿ. ಗುಲ್ಮ ಇಲ್ಲದವರಿಗೆ ಸೋಂಕು ತಡೆಯೋ ಶಕ್ತಿ ಕಮ್ಮಿ. ಸಣ್ಣ ಜ್ವರ ಬಂದ್ರೂ ಮನೇಲಿ ಇಟ್ಕೋಬೇಡಿ. ತಕ್ಷಣ ಆಸ್ಪತ್ರೆ. ಬೆಳಗ್ಗೆ ನೋಡೋಣ ಅನ್ನೋ ಮಾತೇ ಬೇಡ.”

ವಾರ್ಡಿನಲ್ಲಿ ಕಣ್ಣು ಬಿಟ್ಟ ಮಗಳನ್ನು ವನಜಾಕ್ಷಿ ಕೇಳಿದ ಮೊದಲ ಮಾತು: “ಪೆಟ್ಟು ಬಿದ್ದಿದ್ದು ಯಾಕೆ ಹೇಳ್ಲಿಲ್ಲ?”

ಗಂಗಾಂಬಿಕಾ ಗೋಡೆಯ ಕಡೆ ಮುಖ ತಿರುಗಿಸಿದಳು. “ಅಜ್ಜಿ ಸರಿಹೋಗ್ತದೆ ಅಂದ್ಲು.”

ಸುಳ್ಳಲ್ಲ. ಆದರೆ ಮಾತಿನ ಇನ್ನೊಂದು ಅರ್ಧವನ್ನು ಹುಡುಗಿ ನುಂಗಿಕೊಂಡಳು. ಹೊಟ್ಟೆಗೆ ಹೊಲಿಗೆ ಬಿದ್ದ ಹುಡುಗಿಯ ಮೇಲೆ ಸಿಟ್ಟು ಮಾಡುವುದು ಕಷ್ಟ, ನಿಜ. ಆದರೂ ಆ ಅರ್ಧ ಮಾತು ಆ ಮನೆಯಲ್ಲಿ ಮಾಡಿದ ಹಾನಿ ಸಣ್ಣದಲ್ಲ.

ಮಗಳನ್ನು ಮನೆಗೆ ಕರೆತಂದ ದಿನ ವನಜಾಕ್ಷಿ ಅವಳನ್ನು ಮಂಚದಲ್ಲಿ ಮಲಗಿಸಿ, ಸೀದಾ ಜಗುಲಿಗೆ ಬಂದಳು. ಅತ್ತೆಯ ಎದುರು ನಿಂತು ಕನ್ನಡದಲ್ಲಿ ಕೇಳಿದಳು.

“ಪೆಟ್ಟು ಬಿದ್ದಿರೋದು ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ನಂಗೊಂದ್ ಮಾತು ಹೇಳ್ಲಿಲ್ಲ. ಗೊತ್ತಿದ್ದೂ ತಿಕ್ದೆ.”

“ಬಟ್ಟಿ ಜಾರಿತ್ತು ಕಣೇ. ಬೆರಳು ನಾನೇ ನೋಡಿದ್ನಲ್ಲ...”

“ಸುಡು ನಿನ್ ಬಟ್ಟೀನ! ಒಳಗೆ ರಕ್ತ ಹರೀತಿತ್ತು, ನೀನು ಎಣ್ಣೆ ಹಾಕಿ ಹಿಟ್ಟು ನಾದಂಗ್ ನಾದ್ದೆ. ನನ್ ಮಗಳನ್ನ ಕೊಲ್ಲಾಕ್ ನೋಡ್ದೆ!”

“ವನಜಾ, ಮಾತು ಮಿತಿಯಾಗಿರ್ಲಿ,” ಅಂದ ನರಸಿಂಹರಾಜು ಒಳಗಿನಿಂದ.

“ನೀನ್ ಬಾಯಿ ಮುಚ್ಕೊಂಡಿರು! ಟಿಕೆಟ್ ಟಿಕೆಟ್ ಅಂತ ಕೂಗೋ ಬಾಯಿ ಬಸ್ಸಲ್ಲಿ ಬುಡು. ಮನೇಲಿ ಒಂದ್ ದಿನ ನಿಮ್ಮವ್ವಂಗೆ ಬ್ಯಾಡ ಅಂದಿದ್ಯಾ? ಊರೋರೆಲ್ಲ ಹೊಟ್ಟೆ ಹಿಡ್ಕಂಡ್ ಬಂದಾಗ ನೀನೇ ಚಾಪೆ ಹಾಸ್ತಿದ್ದೆ.”

ನರಸಿಂಹರಾಜು ಗೋಡೆಯಲ್ಲಿದ್ದ ಬುದ್ಧನ ಪಟದ ಕೆಳಗೆ ನೇತುಹಾಕಿದ್ದ ಅಂಗಿ ಸಿಕ್ಕಿಸಿಕೊಂಡು ಡಿಪೋಗೆ ಹೋದ. ಗಂಡಸರಿಗೆ ಡ್ಯೂಟಿ ಅನ್ನುವುದೊಂದು ಯಾವಾಗಲೂ ಇರುತ್ತದೆ.

ವನಜಾಕ್ಷಿ ಎಣ್ಣೆಯ ಶೀಶೆ ಎತ್ತಿ ತಿಪ್ಪೆಗೆ ಎಸೆದಳು. ಅವತ್ತಿನಿಂದ ದೊಡ್ಡಕ್ಕ ಸೊಸೆಯ ಕೈಯಡುಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಮಗ ಬಂದು ಬೇಡಿಕೊಂಡರೂ “ನಂಗ್ ನನ್ ಗಂಜಿ ಸಾಕು” ಅಂದಳು. ಒಂದೇ ಮನೆಯಲ್ಲಿ ಎರಡು ಹೊಗೆ ಏಳುತ್ತಿತ್ತು. ವನಜಾಕ್ಷಿ ಅತ್ತೆಯ ಜೊತೆ ತೆಲುಗು ಬಿಟ್ಟಳು. ಹೇಳಬೇಕಾದ್ದಿದ್ದರೆ ಕನ್ನಡದಲ್ಲಿ, ಅದೂ ಗೋಡೆಗೆ ಹೇಳಿದಂತೆ. ದಿನಾ ಬೆಳಗ್ಗೆ ಮಿಲ್ಲಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: “ಜ್ವರ ಬಂದ್ರೆ ಯಾರೂ ಕೈ ಹಾಕ್ಬ್ಯಾಡಿ! ಕಷಾಯ ಬ್ಯಾಡ, ಎಣ್ಣೆ ಬ್ಯಾಡ! ಆಸ್ಪತ್ರೆ!”

ಅವಳಿಗೆ ಬೇಕಿದ್ದುದು ಒಂದೇ. ತಪ್ಪಾಯಿತು ಅಂತ ಅತ್ತೆ ಬಾಯಿಬಿಟ್ಟು ಹೇಳಬೇಕು, ಇನ್ನು ಯಾರ ಹೊಟ್ಟೆಯನ್ನೂ ಮುಟ್ಟಬಾರದು. ದೊಡ್ಡಕ್ಕ ಮಾಡಿದ್ದು ಅದಕ್ಕೆ ಉಲ್ಟಾ. ನೋಡಲು ಬಂದವರಿಗೆಲ್ಲ ಕಥೆ ಹೇಳತೊಡಗಿದಳು. ಕೊರಟಗೆರೆಯಿಂದ ಸೊಂಟ ಹಿಡಿದುಕೊಂಡು ಬಂದ ಚನ್ನಮಲ್ಲಯ್ಯ ಅನ್ನುವ ಮುದುಕನ ಮುಂದೆ ಒಂದು ಸಂಜೆ ಹೀಗಂದಳು:

“ಡಾಕ್ಟರ್‌ಗಳೇ ಗಾಬರಿಯಾಗ್ಬುಟ್ರಂತೆ. ಇಷ್ಟ್ ರಕ್ತ ಹೋಗಿ ಹೆಂಗ್ ಬದುಕ್ತು ಅಂತ. ನಾನ್ ತಿಕ್ಕಿ ಹಿಡ್ಕಂಡಿದ್ದಕ್ಕೆ ಜೀವ ಹೋಗ್ಲಿಲ್ಲ.”

“ನಿನ್ ಕೈ ಗುಣ ಗೊತ್ತಿಲ್ವಾ ದೊಡ್ಡಕ್ಕ,” ಅಂದ ಚನ್ನಮಲ್ಲಯ್ಯ.

ಒಳಗೆ ತಟ್ಟೆ ತೊಳೆಯುತ್ತಿದ್ದ ವನಜಾಕ್ಷಿ ತಟ್ಟೆಯ ಸಮೇತ ಬಂದಳು.

“ಯಜಮಾನ್ರೇ, ಬಸ್ ಚಾರ್ಜ್ ನಾನ್ ಕೊಡ್ತೀನಿ, ಎದ್ದೇಳಿ. ಈ ಮನೇಲಿ ಕೈ ಗುಣ ಮುಗೀತು. ನನ್ ಮಗಳ ಹೊಟ್ಟೆ ನೋಡ್ತೀರಾ? ಎದೆಯಿಂದ ಹೊಕ್ಕುಳ ತಂಕ ಸೀಳವ್ರೆ. ಅದು ಈ ಕೈ ಗುಣ!”

ಮುದುಕ ಟವೆಲ್ ಕೊಡವಿಕೊಂಡು ಎದ್ದು ಹೋದ. ದೊಡ್ಡಕ್ಕನ ಮುಖ ಕಪ್ಪಿಟ್ಟಿತು.

“ಬಂದೋರ್ ಮುಂದೆ ನನ್ ಮಾನ ತಗೀತಿದೀಯ.”

“ನಿಂಗ್ ಮಾನ. ನಂಗ್ ಮಗಳು.”

ಗಂಗಾಂಬಿಕಾ ಇದನ್ನೆಲ್ಲ ಮಂಚದ ಮೇಲಿಂದ ಕೇಳುತ್ತಿದ್ದಳು. ಜಿಲ್ಲಾ ತಂಡದ ಆಯ್ಕೆ ಮುಗಿದು ಹೋಗಿತ್ತು. ಅವಳ ಜಾಗಕ್ಕೆ ಪಾವಗಡದ ಹುಡುಗಿ ಹೋಗಿದ್ದಳು. ಒಂದು ಮಧ್ಯಾಹ್ನ ಅಮ್ಮ ಇಲ್ಲದಾಗ ಹಿತ್ತಲಿಗೆ ಬಂದು ಅಜ್ಜಿಯ ಕಲ್ಲೊಲೆಯ ಪಕ್ಕ ಕೂತಳು.

“ನಾನೇ ಹೇಳ್ಬ್ಯಾಡ ಅಂದಿದ್ದು ಅಂತ ಅಮ್ಮಂಗೆ ಹೇಳ್ಬುಡ್ಲಾ?”

ಅಜ್ಜಿ ಊದುಗೊಳವೆ ಕೆಳಗಿಟ್ಟಳು. ಹೊಗೆಗೋ ಏನೋ, ಕಣ್ಣು ಕೆಂಪಾಗಿತ್ತು. “ಸುಮ್ಕಿರೇ. ಅವಳಿಗೆ ಬಯ್ಯಾಕ್ ಒಬ್ರು ಸಾಕು. ನೀನ್ ಹಸೀ ಮೈಯೋಳು.”

“ಮತ್ತೆ ನೀನ್ ಯಾಕೆ ಎಲ್ಲಾರ್ ಮುಂದೆ ಅಂಗೆಲ್ಲ ಕೊಚ್ಕೊಂತೀಯ?”

ದೊಡ್ಡಕ್ಕ ಮತ್ತೆ ಒಲೆ ಊದಿದಳು. “ಈ ಕೈ ಬುಟ್ರೆ ನನ್ನತ್ರ ಇನ್ನೇನೈತೆ?” ಅಂದಳು. ಹುಡುಗಿ ಎದ್ದು ಒಳಗೆ ಹೋದಳು. ಅವತ್ತು ರಾತ್ರಿಯಾದರೂ ಅಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಮೇ ಕೊನೆಗೆ ನಾಗಲಮಡಿಕೆಯಲ್ಲಿ ವನಜಾಕ್ಷಿಯ ತಮ್ಮನ ಮಗುವಿಗೆ ನಾಮಕರಣ. ಮಗಳನ್ನು ಆ ಬಿಸಿಲಲ್ಲಿ ಕರೆದೊಯ್ಯುವಂತಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. “ಒಂದ್ ಹಗಲು, ಸಂಜೆಗ್ ವಾಪಸ್” ಅಂತ ನರಸಿಂಹರಾಜು ಹೊರಡಿಸಿದ. ವನಜಾಕ್ಷಿ ಪಕ್ಕದ ಮನೆಯ ಮಾರಕ್ಕನಿಗೆ ಮಗಳನ್ನು ನೋಡಿಕೊಳ್ಳಲು ಎರಡೆರಡು ಸಲ ಹೇಳಿ, ಹೋಗುವಾಗ ಜಗುಲಿಯ ಕಡೆ ತಿರುಗಿಯೂ ನೋಡದೆ ಅದೇ ಮಾತು ಕೂಗಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಗಂಗಾಂಬಿಕಾ ಕಂಬಳಿ ಎಳೆದುಕೊಂಡಳು. ಆ ಉರಿಬಿಸಿಲಲ್ಲಿ ಕಂಬಳಿ! ದೊಡ್ಡಕ್ಕ ಹತ್ತಿರ ಹೋಗಿ ಹಣೆ ಮುಟ್ಟಿದಳು. ಬಾಣಲೆ ಮುಟ್ಟಿದಂತಿತ್ತು. ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು.

“ಏನಿಲ್ಲಜ್ಜಿ. ಬಿಸಿಲಿನ ಜ್ವರ. ಒದ್ದೆ ಬಟ್ಟೆ ಹಾಕು, ಇಳೀತದೆ. ಅಮ್ಮಂಗೆ ಫೋನ್ ಮಾಡ್ಬ್ಯಾಡ. ಮತ್ತೆ ಆಸ್ಪತ್ರೆ ಅಂದ್ರೆ ಇನ್ಮೇಲೆ ನನ್ನ ಬಯಲಿಗೇ ಬುಡಲ್ಲ.”

ದೊಡ್ಡಕ್ಕ ಕೈ ಹಿಂದಕ್ಕೆಳೆದುಕೊಂಡಳು. ಏಪ್ರಿಲ್ಲಿನಿಂದ ಅದುಮಿಟ್ಟಿದ್ದ ಸಿಟ್ಟೆಲ್ಲ ಅವಳಿಗೆ ಒಂದೇ ಸಲ ಬಂತು. ಮೊಮ್ಮಗಳ ಮೇಲೆ ಅವಳು ಅಷ್ಟು ಜೋರಾಗಿ ಎಂದೂ ಕೂಗಿರಲಿಲ್ಲ.

“ಮುಚ್ಚೇ ಬಾಯಿ! ಹೇಳ್ಬ್ಯಾಡ ಹೇಳ್ಬ್ಯಾಡ ಅಂತಲೇ ನನ್ನನ್ನ ಕೊಲೆಗಾತಿ ಮಾಡ್ದೆ. ಇನ್ನೊಂದ್ಸಲ ಮಾಡ್ತೀಯಾ? ನಿನ್ ಚೆಂಡಿಗ್ ಬೆಂಕಿ ಬೀಳ, ಏಳೇ ಮ್ಯಾಕೆ!”

ಎಬ್ಬಿಸಿ, ಹೆಗಲಿಗೆ ಒರಗಿಸಿಕೊಂಡು ಬೀದಿಗೆ ತಂದಳು. ಮಾರಕ್ಕ ಓಡಿ ಬಂದು, “ಸ್ವಲ್ಪ ಬಿಸಿಲು ಇಳೀಲಿ ದೊಡ್ಡಕ್ಕ, ಈ ಹೊತ್ತಲ್ಲಿ ಮಗೀನ ಹೊರಗ್ ಕರ್ಕಂಡೋದ್ರೆ ಇನ್ನಾ ಹೆಚ್ತದೆ. ನೀನೇ ಒಂಚೂರು ಎಣ್ಣೆ ಸವರ್ಬಾರ್ದಾ?” ಅಂದಳು. ದೊಡ್ಡಕ್ಕ ಅವಳನ್ನು ತಳ್ಳಿಕೊಂಡೇ ಹೋದಳು. ಕೂಗಾಟ ಕೇಳಿ ಅದೇ ಬೀದಿಯ ರಂಗರಾಜು ಈರುಳ್ಳಿ ಇಳಿಸುತ್ತಿದ್ದ ಲಗೇಜ್ ಆಟೋವನ್ನು ಹಾಗೇ ತಿರುಗಿಸಿದ. ಮೂಟೆಗಳ ನಡುವೆ ಮೊಮ್ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡು ದೊಡ್ಡಕ್ಕ ಸಿರಾಕ್ಕೆ ಹೋದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಗೊತ್ತಾಗಿದ್ದು ಆಸ್ಪತ್ರೆಯ ಅಂಗಳದಲ್ಲಿ ಅಂಗಾಲು ಸುಟ್ಟಾಗ.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ಹುಡುಗಿ. “ಯಾವಾಗಿಂದ ಜ್ವರ? ಮುಂಚೆ ಏನಾದ್ರೂ ಆಪರೇಷನ್ ಆಗಿದ್ಯಾ?”

ದೊಡ್ಡಕ್ಕ ಮೊಮ್ಮಗಳ ಅಂಗಿ ಎತ್ತಿ ಗಾಯದ ಗೆರೆ ತೋರಿಸಿದಳು. ಸುತ್ತ ಜನ ಇದ್ದರು, ಮದಲೂರಿನವರೂ ಇಬ್ಬರಿದ್ದರು.

“ಇವಳ ಗುಲ್ಮ ತಗದವ್ರೆ ಕಣಮ್ಮ. ಫುಟ್‌ಬಾಲ್ ಆಡುವಾಗ ಪೆಟ್ಟು ಬಿದ್ದಿತ್ತು. ಬಟ್ಟಿ ಜಾರೈತೆ ಅಂತ ನಾನು ತಿಕ್ದೆ. ಎರಡ್ ದಿನ ತಿಕ್ದೆ. ಅದುಕ್ಕೇ ಒಡೆದೋಯ್ತು. ಇವಳಿಗ್ ಜ್ವರ ಬಂದ್ರೆ ತಡೀಬಾರ್ದಂತೆ. ಬ್ಯಾಗ ಸೂಜಿ ಹಾಕು.”

ಸೂಜಿ ಬಿತ್ತು, ಡ್ರಿಪ್ ಶುರುವಾಯಿತು. ರಂಗರಾಜು ನರಸಿಂಹರಾಜುಗೆ ಫೋನ್ ಮಾಡಿದ.

ಗಂಡ ಹೆಂಡತಿ ಪಾವಗಡದ ಬಸ್ಸಿಳಿದು ಬಂದಾಗ ಹೊತ್ತು ಮುಳುಗುತ್ತಿತ್ತು. ವನಜಾಕ್ಷಿ ಮೈಮೇಲೆ ನಾಮಕರಣದ ರೇಷ್ಮೆ ಸೀರೆ, ಕೈಯಲ್ಲಿ ತಮ್ಮನ ಹೆಂಡತಿ ತುಂಬಿಕೊಟ್ಟ ಸ್ಟೀಲ್ ಡಬ್ಬಿ. ದಾರಿಯುದ್ದಕ್ಕೂ ಅತ್ತೆಗೆ ಏನೇನು ಅನ್ನಬೇಕು ಅಂತ ಹಲ್ಲು ಕಡಿದುಕೊಂಡು ಬಂದಿದ್ದಳು. ವಾರ್ಡಿಗೆ ನುಗ್ಗಿದರೆ ಮಗಳು ಮಲಗಿದ್ದಳು, ಕಣ್ಣು ಬಿಟ್ಟಿದ್ದಳು. ಡಾಕ್ಟರು ಎದುರಾದರು.

“ಬೇಗ ಬಂದಿದ್ದು ಒಳ್ಳೇದಾಯ್ತು. ಸಂಜೆ ತನಕ ಕಾದಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ಅಜ್ಜಿ ಎಲ್ಲ ಸರಿಯಾಗಿ ಹೇಳಿದ್ರು. ತಾನೇ ತಿಕ್ಕಿದ್ದು, ಅದಕ್ಕೇ ಒಡೆದಿದ್ದು ಅಂತ. ಅಷ್ಟು ಜನರ ಮುಂದೆ.”

ಗಂಗಾಂಬಿಕಾ ಅಮ್ಮನ ಸೆರಗು ಹಿಡಿದಳು.

“ಅಮ್ಮ, ಅವತ್ತು ಹೇಳ್ಬ್ಯಾಡ ಅಂದಿದ್ದು ನಾನು. ಅಜ್ಜಿ ಕಾಲಿಗ್ ಬಿದ್ದೆ. ಸೆಲೆಕ್ಷನ್ ಹೋಗ್ತದೆ ಅಂತ. ಇವತ್ತೂ ಹೇಳ್ಬ್ಯಾಡ ಅಂದೆ. ಅಜ್ಜಿ ಕೇಳ್ಲಿಲ್ಲ.”

ವನಜಾಕ್ಷಿಯ ಕೈ ಹೊಡೆಯಲು ಮೇಲೆದ್ದಿತು. ಡ್ರಿಪ್ಪಿನ ನಳಿಗೆ ಕಂಡು ಹಾಗೇ ಇಳಿಯಿತು. “ಮನೇಗ್ ಬಾ ನೀನು,” ಅಂದಳು. “ಅಷ್ಟ್ ದಿನ ಅವಳನ್ನ ಬಯ್ಯೋದು ಕೇಳ್ಕಂಡು ಸುಮ್ಕಿದ್ಯಲ್ಲ. ಅಜ್ಜಿ ಗಂಜಿ ಕುಡಿಯೋದು ನೋಡ್ಕಂಡು ಮುದ್ದೆ ಉಂಡ್ಯಲ್ಲ. ನಿಂಗ್ ಗಂಟ್ಲಾಗ್ ಹೆಂಗಿಳೀತು?”

ಹುಡುಗಿ ಅಳತೊಡಗಿದಳು. ವನಜಾಕ್ಷಿ ಸಮಾಧಾನ ಮಾಡಲಿಲ್ಲ. ಮಗಳನ್ನು ಗಂಡನಿಗೆ ಒಪ್ಪಿಸಿ ಹೊರಗೆ ಬಂದಳು.

ಬೇವಿನ ಮರದ ಕಟ್ಟೆಯ ಮೇಲೆ ದೊಡ್ಡಕ್ಕ ಒಬ್ಬಳೇ ಕೂತಿದ್ದಳು. ಸೀರೆಯೆಲ್ಲ ಈರುಳ್ಳಿ ಸಿಪ್ಪೆ, ಪಾದದಲ್ಲಿ ಬೊಬ್ಬೆ. ಸೊಸೆ ಬಂದದ್ದು ಕಂಡು ಎದ್ದು ನಿಂತಳು, ಬೈಸಿಕೊಳ್ಳಲು ತಯಾರಾದವಳಂತೆ.

“ಹುಡುಗಿ ಕಾಲಿಗ್ ಬಿದ್ಲಂತೆ, ಹೇಳ್ಬ್ಯಾಡ ಅಂತ,” ಅಂದಳು ವನಜಾಕ್ಷಿ. “ನನ್ ಬಾಯಿಗೆ ಬಂದಿದ್ದೆಲ್ಲ ಅಂದೆ. ಒಂದ್ಸಲ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಏನಾಗ್ತಿತ್ತು?” ಅಂದಳು ದೊಡ್ಡಕ್ಕ. “ತಿಕ್ಕಿದ್ದು ನಾನೇ ಅಲ್ವಾ.”

ವನಜಾಕ್ಷಿ ಅಷ್ಟು ದಿನದಿಂದ ಕೇಳಬೇಕು ಅಂತಿದ್ದ ಮಾತು ಇದೇ. ಕೇಳಿದ ಮೇಲೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದಳು. ಇಳಿಯಲಿಲ್ಲ. ಅತ್ತೆಯ ಮೇಲೆ, ಮಗಳ ಮೇಲೆ, ಬಸ್ಸು ಹತ್ತಿಸಿದ ಗಂಡನ ಮೇಲೆ, ಬೂಟು ಒಲೆಗೆ ಹಾಕುತ್ತೇನೆ ಅಂತ ಮಗಳನ್ನು ಹೆದರಿಸಿಟ್ಟಿದ್ದ ತನ್ನ ಮೇಲೆಯೇ ಇನ್ನಷ್ಟು ಉರಿಯಿತು.

“ಬೆಳಗ್ಗಿಂದ ಏನಾದ್ರೂ ತಿಂದ್ಯಾ?”

ದೊಡ್ಡಕ್ಕ ಇಲ್ಲ ಅಂತ ತಲೆಯಾಡಿಸಿದಳು. ವನಜಾಕ್ಷಿ ಡಬ್ಬಿಯನ್ನು ಅವಳ ಕೈಗೆ ತುರುಕಿದಳು. ತವರಿನ ಚಿತ್ರಾನ್ನ, ಒಬ್ಬಟ್ಟು. ಮುದುಕಿಯ ಬೆರಳಿಗೆ ಬಿಗಿ ಮುಚ್ಚಳ ಬಿಚ್ಚಲು ಬರಲಿಲ್ಲ. ಊರಿನ ಹೊಟ್ಟೆಗಳನ್ನೆಲ್ಲ ತಿಕ್ಕಿದ ಬೆರಳು ಅವು. ವನಜಾಕ್ಷಿ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದು ಮತ್ತೆ ಮುಂದಿಟ್ಟಳು.

“ಮೊದಲ ತಿನು ಅತ್ತಾ,” ಅಂದಳು, ಏಪ್ರಿಲ್ಲಿನಿಂದ ಅವರ ನಡುವೆ ಸತ್ತಿದ್ದ ತೆಲುಗಿನಲ್ಲಿ. “ತಿನ್ನಾಕ ತಿಡತಾ.” ಮೊದಲು ತಿನ್ನು, ತಿಂದ ಮೇಲೆ ಬೈತೀನಿ.

ದೊಡ್ಡಕ್ಕ ಒಂದು ತುತ್ತು ಬಾಯಿಗಿಟ್ಟುಕೊಂಡಳು. ವನಜಾಕ್ಷಿ ಪಕ್ಕದಲ್ಲಿ ಕೂತು, ಸಿಟ್ಟಿನ ಮುಖದಲ್ಲೇ, ಅವಳ ಸೀರೆಯ ಮೇಲಿನ ಈರುಳ್ಳಿ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಬಿಸಾಡತೊಡಗಿದಳು.